ಸದ್ದಡಗಿದ ತೂತು

ಹೃದಯದಲ್ಲಿ ದೊಡ್ಡ ತೂತಿಟ್ಟುಕೊಂಡೇ ಹುಟ್ಟಿದ ಮಗುವಿನ ಮನೆಯಲ್ಲಿ, ಒಂದೂವರೆ ಎರಡು ವರ್ಷದ ಹೊತ್ತಿಗೆ ಒಂದು ಸಮಾಧಾನದ ಕಾಲ ಬರುವುದುಂಟು. ಮೊದಲ ವರ್ಷವೆಲ್ಲ ಹಾಲು ಕುಡಿಯಲು ಒದ್ದಾಡಿದ, ಮೇಲಿಂದ ಮೇಲೆ ನ್ಯುಮೋನಿಯಾ ಎಂದು ಆಸ್ಪತ್ರೆ ಸೇರಿದ, ಏನು ಮಾಡಿದರೂ ತೂಕ ಏರದ ಮಗು ಈಗ ಮನೆಯೆಲ್ಲ ಓಡಾಡುತ್ತದೆ. ಏದುಸಿರು ಕಡಿಮೆಯಾಗಿದೆ. ಕೆನ್ನೆ ತುಂಬಿಕೊಂಡಿದೆ. ಸ್ಟೆತಸ್ಕೋಪ್ ಇಟ್ಟರೆ ಹಿಂದೆ ಕೇಳುತ್ತಿದ್ದ ಮರ್ಮರ್, ಅಂದರೆ ರಕ್ತ ಚಿಮ್ಮುವ ಸದ್ದು, ಅಷ್ಟಾಗಿ ಕೇಳುವುದಿಲ್ಲ. 'ಹೋಲ್ ತಾನೇ ಮುಚ್ಕೊಳ್ತಾ ಇದೆ' ಎಂದು ಮನೆಯವರು ಆಪರೇಷನ್ ಮಾತನ್ನೇ ಬಿಡುತ್ತಾರೆ. ತೂತು ಸಣ್ಣದಿದ್ದ ಮಕ್ಕಳಲ್ಲಿ ಆ ಮಾತು ಎಷ್ಟೋ ಸಲ ನಿಜ. ದೊಡ್ಡದಿದ್ದ ಮಗುವಿನಲ್ಲಿ ಇದೇ ಸುಧಾರಣೆ ಕಂಡರೆ ಮಾತ್ರ ತಡಮಾಡದೆ ಎಕೋ (ಹೃದಯದ ಸ್ಕ್ಯಾನ್) ಮಾಡಿಸಬೇಕು. ತೂತು ಇದ್ದ ಹಾಗೇ ಇದ್ದು, ಅದರಾಚೆ ಶ್ವಾಸಕೋಶದ ರಕ್ತನಾಳಗಳು ಬಾಗಿಲು ಹಾಕಿಕೊಳ್ಳುತ್ತಿರಬಹುದು.

ಸಾವಿರ ಮಕ್ಕಳು ಹುಟ್ಟಿದರೆ ಎಂಟೊಂಬತ್ತು ಮಕ್ಕಳ ಹೃದಯದಲ್ಲಿ ಏನಾದರೊಂದು ದೋಷ ಇರುತ್ತದೆ. ಎಲ್ಲವೂ ಶ್ವಾಸಕೋಶಕ್ಕೆ ಅಪಾಯ ತರುವಂಥವಲ್ಲ. ಯಾವುದು ತರುತ್ತದೆ, ಯಾವಾಗ ತರುತ್ತದೆ ಎಂಬ ಲೆಕ್ಕವೇ ಈ ಬರಹದ ವಿಷಯ.

ಹೃದಯದ ಬಲಭಾಗದ ಕೆಲಸ ಮೈಯಿಂದ ಬಂದ ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ತಳ್ಳುವುದು. ದೂರ ಕಡಿಮೆ, ನಾಳಗಳು ತೆಳು, ಹಾಗಾಗಿ ಒತ್ತಡವೂ ಕಡಿಮೆ. ದೊಡ್ಡವರಲ್ಲಿ ಎಡಭಾಗ 120ರ ಒತ್ತಡದಲ್ಲಿ ದೂಡಿದರೆ ಬಲಭಾಗಕ್ಕೆ 25 ಸಾಕು. ಶ್ವಾಸಕೋಶಕ್ಕೆ ರಕ್ತ ಒಯ್ಯುವ ಅಪಧಮನಿಯ ಸರಾಸರಿ ಒತ್ತಡ ಆರೋಗ್ಯವಂತರಲ್ಲಿ 15ರ ಆಸುಪಾಸು. ಅದು 20 ದಾಟಿದರೆ ಪಲ್ಮನರಿ ಹೈಪರ್‌ಟೆನ್ಷನ್ ಎಂದು ಈಗ ಲೆಕ್ಕ. 2018ರವರೆಗೆ ಈ ಗೆರೆ 25ರಲ್ಲಿತ್ತು. ಮೆಡಿಕಲ್ ಶಾಪಿನಲ್ಲಿ ತೋಳಿಗೆ ಪಟ್ಟಿ ಕಟ್ಟಿ ನೋಡುವ ಬಿಪಿಗೂ ಇದಕ್ಕೂ ಸಂಬಂಧವಿಲ್ಲ. ತೋಳಿನ ಬಿಪಿ 110/70 ಇರುವ ಹುಡುಗಿಯ ಶ್ವಾಸಕೋಶದ ಬಿಪಿ 100 ಇರಬಹುದು.

ಈ ಎರಡು ಭಾಗಗಳ ನಡುವಿನ ಗೋಡೆಯಲ್ಲಿ ತೂತಿದ್ದರೆ ರಕ್ತ ಒತ್ತಡ ಹೆಚ್ಚಿರುವ ಎಡದಿಂದ ಬಲಕ್ಕೆ ಹರಿಯುತ್ತದೆ. ಆಗಲೇ ಶ್ವಾಸಕೋಶ ಸುತ್ತಿ ಬಂದ ಶುದ್ಧ ರಕ್ತ ಮತ್ತೆ ಅಲ್ಲಿಗೇ ಹೋಗುತ್ತದೆ. ಮೈಗೆ ಒಂದು ಪಾಲು ಹೋದರೆ ಶ್ವಾಸಕೋಶಕ್ಕೆ ಎರಡು, ಮೂರು, ನಾಲ್ಕು ಪಾಲು. ತೂತು ಕೆಳಗಿನ ಕೋಣೆಗಳ ನಡುವೆ ಇದ್ದರೆ ವಿಎಸ್‌ಡಿ, ಮೇಲಿನ ಕೋಣೆಗಳ ನಡುವೆ ಇದ್ದರೆ ಎಎಸ್‌ಡಿ. ಗರ್ಭದಲ್ಲಿದ್ದಾಗ ಎರಡು ದೊಡ್ಡ ನಾಳಗಳನ್ನು ಕೂಡಿಸಿದ್ದ ಕೊಳವೆ ಹುಟ್ಟಿದ ಮೇಲೂ ಮುಚ್ಚದೆ ಉಳಿದರೆ ಪಿಡಿಎ. ನಡುವಿನ ಗೋಡೆಯೂ ಕವಾಟಗಳೂ ಒಟ್ಟಿಗೇ ಅರೆಬರೆಯಾದರೆ ಎವಿಎಸ್‌ಡಿ. ಕೊನೆಯದು ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹೆಚ್ಚು. ಆ ಮಕ್ಕಳಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ಒಂದಲ್ಲ ಒಂದು ಹೃದಯದೋಷ ಇರುವುದರಿಂದ ಹುಟ್ಟಿದ ಕೂಡಲೇ ಎಲ್ಲರಿಗೂ ಎಕೋ ಮಾಡಿಸಲೇಬೇಕು.

ಹುಟ್ಟಿದ ದಿನ ಇದ್ಯಾವುದೂ ಗೊತ್ತಾಗದಿರಲು ಕಾರಣವಿದೆ. ಗರ್ಭದಲ್ಲಿ ಶ್ವಾಸಕೋಶಕ್ಕೆ ಕೆಲಸವಿಲ್ಲ. ಅದರ ನಾಳಗಳು ಬಿಗಿದುಕೊಂಡಿರುತ್ತವೆ, ಗೋಡೆ ದಪ್ಪ. ಮೊದಲ ಉಸಿರಿನೊಂದಿಗೆ ಆ ಬಿಗಿತ ಸಡಿಲವಾಗಲು ತೊಡಗಿ, ಪೂರ್ತಿ ಇಳಿಯಲು ಆರರಿಂದ ಎಂಟು ವಾರ ಬೇಕು. ಅಲ್ಲಿಯವರೆಗೆ ಎರಡೂ ಕಡೆಯ ಒತ್ತಡದಲ್ಲಿ ಹೆಚ್ಚು ಅಂತರವಿರದ ಕಾರಣ ತೂತು ಎಷ್ಟೇ ದೊಡ್ಡದಿದ್ದರೂ ಅದರ ಮೂಲಕ ಹರಿಯುವುದು ಕಡಿಮೆ, ಸದ್ದೂ ಇಲ್ಲ. ಮೂರನೇ ದಿನ 'ಎಲ್ಲಾ ನಾರ್ಮಲ್' ಎಂದು ಬರೆದು ಡಿಸ್ಚಾರ್ಜ್ ಮಾಡಿದ ಡಾಕ್ಟರು ತಪ್ಪು ಮಾಡಿದರೆಂದು ಹೇಳಲಾಗದು. ಹುಟ್ಟಿ 24 ಗಂಟೆಯ ಬಳಿಕ ಬಲಗೈಗೂ ಕಾಲಿಗೂ ಪಲ್ಸ್ ಆಕ್ಸಿಮೀಟರ್ ಹಾಕಿ ನೋಡುವ ಪರೀಕ್ಷೆ ಈಗ ಹಲವೆಡೆ ನಡೆಯುತ್ತದೆ, ನಡೆಯಲೇಬೇಕಾದ್ದು. ಆದರೆ ಅದು ಹಿಡಿಯುವುದು ಮೈ ನೀಲಿಯಾಗುವ ದೋಷಗಳನ್ನು. ವಿಎಸ್‌ಡಿಯಲ್ಲಿ ಶುದ್ಧ ರಕ್ತ ಬಲಕ್ಕೆ ಸೋರುತ್ತದೆಯೇ ಹೊರತು ಅಶುದ್ಧ ರಕ್ತ ಎಡಕ್ಕೆ ಬರುವುದಿಲ್ಲ. ಆಕ್ಸಿಮೀಟರ್ 98 ತೋರಿಸುತ್ತದೆ, ಮಗು ಪಾಸಾಗುತ್ತದೆ.

ತೊಂದರೆ ಕಾಣುವುದು ನಾಲ್ಕರಿಂದ ಎಂಟು ವಾರದ ನಡುವೆ, ಬಾಣಂತಿ ಇನ್ನೂ ತವರಿನಲ್ಲಿರುವಾಗ. ನೋಡಬೇಕಾದ್ದು ಹಾಲು ಕುಡಿಯುವ ರೀತಿಯನ್ನು. ಹತ್ತು ಹದಿನೈದು ನಿಮಿಷದಲ್ಲಿ ಮುಗಿಯಬೇಕಾದ ಹಾಲಿಗೆ ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ. ನಾಲ್ಕು ಗುಟುಕು ಎಳೆದು ಬಿಟ್ಟು, ಏದುಸಿರು ಬಿಟ್ಟು, ಮತ್ತೆ ನಾಲ್ಕು ಗುಟುಕು. ಹೊಟ್ಟೆ ತುಂಬುವ ಮೊದಲೇ ಸುಸ್ತಾಗಿ ನಿದ್ದೆ, ಮುಕ್ಕಾಲು ಗಂಟೆಗೆ ಹಸಿದು ಎದ್ದು ಅಳು. ಹಾಲು ಕುಡಿಯುವಾಗ ಹಣೆಯ ಮೇಲೆ ತಣ್ಣನೆಯ ಬೆವರು ಹನಿಗಟ್ಟುತ್ತದೆ, ಫ್ಯಾನಿನ ಕೆಳಗಿದ್ದರೂ. ಮಲಗಿರುವಾಗ ಅಂಗಿ ಎತ್ತಿ ಹೊಟ್ಟೆಯ ಏರಿಳಿತ ನೋಡಿ ಒಂದು ನಿಮಿಷ ಪೂರ್ತಿ ಉಸಿರು ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ 60, ಎರಡು ತಿಂಗಳಿಂದ ವರ್ಷದವರೆಗೆ 50 ತಲುಪಿದರೆ ಅದು ಹೆಚ್ಚು. ಅರ್ಧ ನಿಮಿಷ ಎಣಿಸಿ ಎರಡರಿಂದ ಗುಣಿಸುವುದು ಬೇಡ, ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಅಂಗನವಾಡಿಯ ತೂಕದ ಗೆರೆಯೂ ಸುಳಿವು ಕೊಡುತ್ತದೆ: ಉದ್ದ, ತಲೆಯ ಸುತ್ತಳತೆ ಸರಿಯಾಗಿ ಏರುತ್ತಿದ್ದು ತೂಕ ಮಾತ್ರ ಚಪ್ಪಟೆಯಾಗಿ ಮಲಗಿಬಿಡುತ್ತದೆ.

ಇಲ್ಲಿ ನಡೆಯುವ ಎರಡು ಎಡವಟ್ಟುಗಳನ್ನು ಹೇಳಲೇಬೇಕು. ಮೊದಲನೆಯದು, 'ಹತ್ತು ಕೆಜಿ ಆಗಲಿ, ಆಮೇಲೆ ಆಪರೇಷನ್' ಎಂಬ ಹಳೆಯ ಮಾತು. ಚಿಕ್ಕ ಕೂಸುಗಳ ಶಸ್ತ್ರಚಿಕಿತ್ಸೆ ಕಷ್ಟವಾಗಿದ್ದ ಕಾಲದ ಮಾತದು. ತೂತಿನಿಂದಾಗಿಯೇ ತೂಕ ಏರದ ಮಗುವಿಗೆ ತೂಕ ಏರಿದ ಮೇಲೆ ತೂತು ಮುಚ್ಚೋಣ ಎಂದರೆ ಆ ದಿನ ಬರುವುದೇ ಇಲ್ಲ. ಈಗ ಮೂರು ನಾಲ್ಕು ಕೆಜಿಯ ಕೂಸುಗಳಿಗೂ ಮಾಡುತ್ತಾರೆ. ಎರಡನೆಯದು ಆಕ್ಸಿಜನ್. ಮಗು ಏದುಸಿರು ಬಿಡುತ್ತಿದೆಯೆಂದು ಮನೆಯಲ್ಲಿ ತಾವೇ ಕಾನ್ಸಂಟ್ರೇಟರ್ ಇಟ್ಟುಕೊಳ್ಳುವವರಿದ್ದಾರೆ. ಆಕ್ಸಿಜನ್ ಶ್ವಾಸಕೋಶದ ನಾಳಗಳನ್ನು ಇನ್ನಷ್ಟು ಸಡಿಲಿಸುತ್ತದೆ, ತೂತಿನ ಮೂಲಕ ಇನ್ನಷ್ಟು ರಕ್ತ ಅತ್ತ ನುಗ್ಗುತ್ತದೆ, ಏದುಸಿರು ಹೆಚ್ಚುತ್ತದೆ. ನ್ಯುಮೋನಿಯಾ ಬಂದು ಸ್ಯಾಚುರೇಷನ್ (ಆಕ್ಸಿಮೀಟರ್ ತೋರಿಸುವ ಅಂಕಿ) ಇಳಿದಾಗ ಕೊಡಬೇಕು, ಸಂಶಯವಿಲ್ಲ. 97 ಇರುವ ವಿಎಸ್‌ಡಿ ಮಗುವಿಗೆ ಸಮಾಧಾನಕ್ಕೆಂದು ಕೊಡುವುದು ಸಲ್ಲದು.

ಇನ್ನು ಆ ನಾಳಗಳ ಒಳಗೆ. ಗದ್ದೆಗೆ ನೀರು ಹಾಯಿಸುವ ಸಣ್ಣ ಕಾಲುವೆಗೆ ಕೆರೆಯ ಕೋಡಿಯನ್ನೇ ತಿರುಗಿಸಿದರೆ ಬದು ಕೊರೆಯುತ್ತದೆ, ರೈತ ಕಲ್ಲು ಮಣ್ಣು ಒಟ್ಟಿ ಬದು ಗಟ್ಟಿ ಮಾಡುತ್ತಾನೆ, ಮಾಡುತ್ತ ಮಾಡುತ್ತ ಕಾಲುವೆಯೇ ಕಿರಿದಾಗುತ್ತದೆ. ಶ್ವಾಸಕೋಶದ ಸಣ್ಣ ಅಪಧಮನಿಗಳಲ್ಲಿ ಆಗುವುದೂ ಹೆಚ್ಚುಕಡಿಮೆ ಅದೇ. ಹೆಚ್ಚಿನ ಹರಿವು ನಾಳದ ಒಳಪದರವನ್ನು ಉಜ್ಜುತ್ತದೆ, ಹೆಚ್ಚಿನ ಒತ್ತಡ ಗೋಡೆಯನ್ನು ಹಿಗ್ಗಿಸುತ್ತದೆ. ಏಟು ತಿಂದ ಒಳಪದರ ನಾಳವನ್ನು ಸಡಿಲಿಸುವ ನೈಟ್ರಿಕ್ ಆಕ್ಸೈಡ್, ಪ್ರೋಸ್ಟಾಸೈಕ್ಲಿನ್‌ಗಳನ್ನು ಕಡಿಮೆ ಮಾಡಿ, ಬಿಗಿಯುವ ಎಂಡೋಥೀಲಿನ್ ಅನ್ನು ಹೆಚ್ಚು ಸುರಿಸುತ್ತದೆ. ಗೋಡೆಯ ಸ್ನಾಯು ದಪ್ಪವಾಗುತ್ತದೆ, ಸ್ನಾಯುವೇ ಇರದ ತುದಿಯ ನಾಳಗಳಿಗೂ ಹಬ್ಬುತ್ತದೆ. ಆಮೇಲೆ ಒಳಪದರದ ಕೋಶಗಳು ಬೆಳೆದು ನಾಳದ ಬಾಯಿ ಕಟ್ಟುತ್ತವೆ, ಅಲ್ಲಿ ನಾರು ತುಂಬಿಕೊಳ್ಳುತ್ತದೆ. ಕೊನೆಗೆ ಮುಚ್ಚಿಹೋದ ನಾಳದ ಬಳಿ ಸಿಕ್ಕುಸಿಕ್ಕಾದ ಸಣ್ಣ ನಾಳಗಳ ಗೊಂಚಲು. ಇದನ್ನೆಲ್ಲ 1958ರಲ್ಲಿ ಹೀತ್ ಮತ್ತು ಎಡ್ವರ್ಡ್ಸ್ ಎಂಬ ರೋಗಶಾಸ್ತ್ರಜ್ಞರು ಸೂಕ್ಷ್ಮದರ್ಶಕದಡಿ ನೋಡಿ ಆರು ಮೆಟ್ಟಿಲಾಗಿ ವಿಂಗಡಿಸಿದರು. ಮೊದಲೆರಡು ಮೆಟ್ಟಿಲಲ್ಲಿ ತೂತು ಮುಚ್ಚಿದರೆ ನಾಳ ಹಿಂದಿನ ಸ್ಥಿತಿಗೆ ಬರುತ್ತದೆ. ಮೂರನೆಯದು ಅಂಚಿನದು. ನಾಲ್ಕಕ್ಕೆ ಹೋದ ಮೇಲೆ ಹಿಂತಿರುಗುವ ದಾರಿ ಇಲ್ಲವೆಂದೇ ಎಣಿಕೆ.

ಹೀಗೆ ನಾಳ ಕಿರಿದಾಗುತ್ತಿದ್ದಂತೆ ತೂತಿನ ಮೂಲಕ ಹರಿವು ಇಳಿಯುತ್ತದೆ. ಶ್ವಾಸಕೋಶದಲ್ಲಿ ತುಂಬಿ ತುಳುಕುತ್ತಿದ್ದ ರಕ್ತ ಕಡಿಮೆಯಾದ್ದರಿಂದ ನ್ಯುಮೋನಿಯಾ ನಿಲ್ಲುತ್ತದೆ, ಎಡಭಾಗದ ಮೇಲಿನ ಹೊರೆ ಇಳಿದು ಬೆವರು ನಿಲ್ಲುತ್ತದೆ, ತೂಕ ಏರುತ್ತದೆ. ಮೊದಲು ಹೇಳಿದ ಸಮಾಧಾನದ ಕಾಲ ಇದೇ. ಸದ್ದು ಅಡಗುವುದಕ್ಕೂ ಇದೇ ಕಾರಣ: ಎರಡು ಕೋಣೆಗಳ ಒತ್ತಡ ಸಮವಾದರೆ ರಕ್ತ ಚಿಮ್ಮುವುದಿಲ್ಲ, ಚಿಮ್ಮದಿದ್ದರೆ ಸದ್ದಿಲ್ಲ. ಜೋರು ಸದ್ದು ಮಾಡುವುದು ಸಣ್ಣ ತೂತು. 1879ರಲ್ಲೇ ಪ್ಯಾರಿಸ್ಸಿನ ಮಕ್ಕಳ ವೈದ್ಯ ಆಂರಿ ರೋಜೆ ಇಂಥ ಸದ್ದುಗಾರ ಸಣ್ಣ ತೂತು ಅಪಾಯಕಾರಿಯಲ್ಲ ಎಂದು ಗುರುತಿಸಿದ್ದ. 'ಸದ್ದು ಜೋರಿದೆ' ಎಂದು ಹೆದರಿದ ಮನೆಯವರಿಗಿಂತ 'ಸದ್ದು ಹೋಯ್ತು' ಎಂದು ನಿಟ್ಟುಸಿರಿಟ್ಟವರ ಬಗ್ಗೆ ಹೆಚ್ಚು ಚಿಂತೆಯಾಗಬೇಕು. ಪಳಗಿದ ಕಿವಿ ಆಗ ಇನ್ನೊಂದನ್ನು ಹುಡುಕುತ್ತದೆ, ಹೃದಯದ ಪ್ರತಿ ಬಡಿತದ ಎರಡನೇ ಸದ್ದು 'ಟಪ್' ಎಂದು ಗಡುಸಾಗಿ ಕೇಳುತ್ತಿದೆಯೇ ಎಂದು. ಶ್ವಾಸಕೋಶದ ಕವಾಟ ಹೆಚ್ಚು ಒತ್ತಡದಲ್ಲಿ ಬಡಿದು ಮುಚ್ಚುವ ಸದ್ದದು.

ಕಿವಿಯನ್ನು ನಂಬದಿದ್ದರೆ ಎಕೋ ರಿಪೋರ್ಟಿನ ಒಂದು ಅಂಕಿ ಸಾಕು, ಅದನ್ನು ಮನೆಯವರೂ ಓದಬಹುದು. ತೂತಿನ ಮೂಲಕ ರಕ್ತ ಚಿಮ್ಮುವ ವೇಗವನ್ನು ಸೆಕೆಂಡಿಗೆ ಇಷ್ಟು ಮೀಟರ್ ಎಂದು ಬರೆದಿರುತ್ತಾರೆ. ಅದರ ವರ್ಗವನ್ನು 4ರಿಂದ ಗುಣಿಸಿದರೆ ಎರಡು ಕೋಣೆಗಳ ಒತ್ತಡದ ಅಂತರ ಸಿಗುತ್ತದೆ. ರಿಪೋರ್ಟಿನಲ್ಲಿ ಇದನ್ನೇ ಗ್ರೇಡಿಯಂಟ್ ಎನ್ನುವುದು. ವೇಗ 4.5 ಇದ್ದರೆ ಅಂತರ 81. ಮಗುವಿನ ತೋಳಿನ ಮೇಲಿನ ಬಿಪಿ 100 ಎಂದುಕೊಳ್ಳಿ, ಬಲ ಕೋಣೆಯ ಒತ್ತಡ 19. ಶ್ವಾಸಕೋಶ ಸುರಕ್ಷಿತ. ಅದೇ ವೇಗ 2 ಇದ್ದರೆ ಅಂತರ ಬರೀ 16, ಬಲ ಕೋಣೆಯಲ್ಲಿ 84. ಅಂದರೆ ಎಡದ ಒತ್ತಡದ ಬಹುಪಾಲು ಬಲಕ್ಕೆ ದಾಟಿದೆ. ಗ್ರೇಡಿಯಂಟ್ ಹೆಚ್ಚಿದ್ದರೆ ಒಳ್ಳೆಯದು, ಕಡಿಮೆಯಿದ್ದರೆ ಕೆಟ್ಟದ್ದು. ಶುಗರ್, ಕೊಲೆಸ್ಟರಾಲ್ ರಿಪೋರ್ಟ್ ಓದಿ ರೂಢಿಯಾದವರಿಗೆ ಇದು ತಲೆಕೆಳಗು, ಹಾಗಾಗಿ ಎರಡು ಸಲ ಓದಿಕೊಳ್ಳಬೇಕು. ಬಲಭಾಗದ ಎರಡು ಕೋಣೆಗಳ ನಡುವಿನ ಕವಾಟ ಸೋರುತ್ತಿದ್ದರೆ ಆ ಸೋರಿಕೆಯ ವೇಗಕ್ಕೂ ಇದೇ ಸೂತ್ರ ಹಾಕುತ್ತಾರೆ, ಆದರೆ ಅಲ್ಲಿ ಹೆಚ್ಚಿದ್ದರೆ ಕೆಟ್ಟದ್ದು: 2.8ರವರೆಗೆ ಚಿಂತೆ ಕಡಿಮೆ, 3.4 ದಾಟಿದರೆ ಶ್ವಾಸಕೋಶದ ಒತ್ತಡ ಏರಿರುವುದು ಬಹುತೇಕ ಖಚಿತ.

ಒಂದು ಗೊಂದಲವನ್ನು ಇಲ್ಲಿಯೇ ಬಿಡಿಸಬೇಕು. ನಾಲ್ಕು ತಿಂಗಳ ಕೂಸಿನ ಎಕೋದಲ್ಲಿ 'ಲಾರ್ಜ್ ವಿಎಸ್‌ಡಿ, ಸಿವಿಯರ್ ಪಿಎಎಚ್' (ಪಿಎಎಚ್ ಎಂದರೆ ಶ್ವಾಸಕೋಶದ ಅಪಧಮನಿಯಲ್ಲಿ ಅಧಿಕ ಒತ್ತಡ) ಎಂದು ಬರೆದಿರುವುದನ್ನು ಕಂಡು 'ಬಿಪಿ ಜಾಸ್ತಿ ಇದೆಯಂತೆ, ಆಪರೇಷನ್ ಆಗಲ್ಲವಂತೆ' ಎಂದು ಕೈಚೆಲ್ಲಿದವರಿದ್ದಾರೆ. ಆ ವಯಸ್ಸಿನಲ್ಲಿ ಅದು ದೊಡ್ಡ ತೂತಿನಿಂದ ನೇರವಾಗಿ ದಾಟಿದ ಒತ್ತಡ. ನಾಳಗಳು ಇನ್ನೂ ಮೆತ್ತಗಿರುತ್ತವೆ. ಅಲ್ಲಿ 'ಸಿವಿಯರ್ ಪಿಎಎಚ್' ಎಂದರೆ ಬೇಗ ಮಾಡಿ ಎಂದೇ ಅರ್ಥ. ಅದೇ ಮಾತು ಎಂಟು ವರ್ಷದ ಹುಡುಗನ ರಿಪೋರ್ಟಿನಲ್ಲಿದ್ದರೆ ಅರ್ಥ ಬೇರೆ.

ಯಾವಾಗ ಮುಚ್ಚಿಸಬೇಕು ಎಂಬುದು ಯಾವ ತೂತು ಎಂಬುದರ ಮೇಲೆ ನಿಂತಿದೆ. ವಿಎಸ್‌ಡಿ, ಪಿಡಿಎಗಳಲ್ಲಿ ಎಡಭಾಗದ ಒತ್ತಡವೂ ಹರಿವೂ ಎರಡೂ ಶ್ವಾಸಕೋಶಕ್ಕೆ ಬಡಿಯುವುದರಿಂದ ನಾಳ ಕೆಡುವುದು ಬೇಗ. ದೊಡ್ಡ ವಿಎಸ್‌ಡಿಯನ್ನು ಮೂರರಿಂದ ಆರು ತಿಂಗಳೊಳಗೆ, ಔಷಧಿಗೆ ಬಗ್ಗದಿದ್ದರೆ ಅದಕ್ಕೂ ಮೊದಲೇ ಮುಚ್ಚಬೇಕು. ಎರಡು ವರ್ಷ ದಾಟಿದರೆ ಅಪಾಯದ ವಲಯ. ಪೂರ್ಣ ಎವಿಎಸ್‌ಡಿ, ಅದರಲ್ಲೂ ಡೌನ್ ಸಿಂಡ್ರೋಮ್ ಇರುವ ಮಗು, ಇನ್ನೂ ಬೇಗ: ವರ್ಷ ತುಂಬುವ ಮೊದಲೇ ಬಾಗಿಲು ಮುಚ್ಚಿಹೋಗಬಹುದು, ಮೂರು ತಿಂಗಳ ಹೊತ್ತಿಗೇ ಆಪರೇಷನ್ ಮುಗಿದರೆ ಲೇಸು. ಎರಡು ಮಹಾನಾಳಗಳ ಬದಲು ಒಂದೇ ನಾಳ ಹೊರಡುವ ಟ್ರಂಕಸ್‌ನಲ್ಲಿ ವಾರಗಳ ಲೆಕ್ಕ. ತೂತುಗಳು ಜಾಲರಿಯಂತೆ ಹಲವಿದ್ದು ಆ ವಯಸ್ಸಿನಲ್ಲಿ ಮುಚ್ಚಲಾಗದಿದ್ದರೆ ಶ್ವಾಸಕೋಶಕ್ಕೆ ಹೋಗುವ ನಾಳಕ್ಕೆ ಪಟ್ಟಿ ಸುತ್ತಿ ಕಿರಿದು ಮಾಡುತ್ತಾರೆ. 1952ರಿಂದ ಇರುವ ಉಪಾಯ. ತೂತು ಹಾಗೇ ಇರುತ್ತದೆ, ಆದರೆ ಪಟ್ಟಿಯಾಚೆಗಿನ ನಾಳಗಳು ಬಡಿತದಿಂದ ಪಾರಾಗುತ್ತವೆ.

ಎಎಸ್‌ಡಿಯದು ಬೇರೆ ಸ್ವಭಾವ. ಮೇಲಿನ ಕೋಣೆಗಳ ಒತ್ತಡ ಮೊದಲೇ ಕಡಿಮೆ, ಹಾಗಾಗಿ ಅಲ್ಲಿ ದಾಟುವುದು ಹರಿವು ಮಾತ್ರ. ನಾಳಗಳು ಅದನ್ನು ದಶಕಗಟ್ಟಲೆ ತಾಳಿಕೊಳ್ಳುತ್ತವೆ. ಎರಡರಿಂದ ನಾಲ್ಕು ವರ್ಷದ ಹೊತ್ತಿಗೆ ಮುಚ್ಚಿಸಿದರೆ ಸಾಕು, ಬಹಳಷ್ಟನ್ನು ಎದೆ ತೆರೆಯದೆ ತೊಡೆಯ ರಕ್ತನಾಳದ ಮೂಲಕ ಡಿವೈಸ್ ಹಾಕಿಯೇ ಮುಚ್ಚುತ್ತಾರೆ. ಆದರೆ ತಾಳಿಕೊಳ್ಳುವುದೇ ಇಲ್ಲಿನ ತೊಡಕು. ಲಕ್ಷಣವಿಲ್ಲದ ಹುಡುಗಿ ಬೆಳೆದು, ಮದುವೆಯಾಗಿ, ಬಸುರಿಯಾದಾಗ ಮೊದಲ ಸಲ ಏದುಸಿರು ಬಂದು ಎಕೋ ಮಾಡಿಸಿದಾಗ ಗೊತ್ತಾಗುತ್ತದೆ. ಎಲ್ಲ ಎಎಸ್‌ಡಿಯೂ ಹೀಗಾಗುವುದಿಲ್ಲ, ಕೆಲವರಲ್ಲಷ್ಟೇ. ಅದರಲ್ಲಿ ಹೆಂಗಸರೇ ಹೆಚ್ಚು. ಇದರ ಮಗ್ಗುಲಲ್ಲೇ ಇನ್ನೊಂದು ಎಚ್ಚರಿಕೆ: ದೊಡ್ಡವರಲ್ಲಿ 2 ಸೆಂಟಿಮೀಟರಿಗಿಂತ ಸಣ್ಣ ಎಎಸ್‌ಡಿ, 1 ಸೆಂಟಿಮೀಟರಿಗಿಂತ ಸಣ್ಣ ವಿಎಸ್‌ಡಿ ಇದ್ದು ಶ್ವಾಸಕೋಶದ ಒತ್ತಡ ಮಾತ್ರ ವಿಪರೀತವಿದ್ದರೆ, ಸಾಮಾನ್ಯವಾಗಿ ತಪ್ಪು ತೂತಿನದಲ್ಲ. ನಾಳದ ರೋಗ ತಾನಾಗಿಯೇ ಬಂದಿದೆ, ತೂತು ಪಕ್ಕದಲ್ಲಿ ನಿಂತ ಸಾಕ್ಷಿ ಅಷ್ಟೆ. ಅದನ್ನು ಮುಚ್ಚಿದರೆ ರೋಗಿಗೆ ಕೇಡು.

ಮುಚ್ಚಿದರೆ ಕೇಡು ಹೇಗೆ? ಇದಕ್ಕೆ ಕ್ಯಾಥ್ ಲ್ಯಾಬಿನ, ಅಂದರೆ ರಕ್ತನಾಳದ ಮೂಲಕ ಹೃದಯಕ್ಕೆ ಸಣ್ಣ ಕೊಳವೆ ಹಾಯಿಸಿ ಅಳೆಯುವ ಜಾಗದ, ಲೆಕ್ಕ ನೋಡಬೇಕು. ತಡವಾಗಿ ಬಂದ ಮಕ್ಕಳಲ್ಲಿ ಎಕೋ ಸಾಲದೆ ಕ್ಯಾಥ್ ಮಾಡುವುದೇ ಇದಕ್ಕೆ. ಇಬ್ಬರು ಮಕ್ಕಳು ಎಂದುಕೊಳ್ಳಿ, ಇಬ್ಬರಲ್ಲೂ ಶ್ವಾಸಕೋಶದ ಅಪಧಮನಿಯ ಸರಾಸರಿ ಒತ್ತಡ 50, ಎಡ ಮೇಲುಕೋಣೆಯಲ್ಲಿ 10. ಬೇರೆ ಬೇರೆ ಜಾಗದಿಂದ ರಕ್ತ ತೆಗೆದು ಆಕ್ಸಿಜನ್ ಶೇಕಡಾ ಎಷ್ಟಿದೆ ನೋಡುತ್ತಾರೆ. ಮೊದಲ ಮಗುವಿನಲ್ಲಿ ಮೈಗೆ ರಕ್ತ ಒಯ್ಯುವ ಮಹಾಪಧಮನಿಯಲ್ಲಿ 98, ಮೈಯಿಂದ ಮರಳಿದ ರಕ್ತದಲ್ಲಿ 70, ಶ್ವಾಸಕೋಶದಿಂದ ರಕ್ತ ತರುವ ಅಭಿಧಮನಿಯಲ್ಲಿ 98, ಅದಕ್ಕೆ ರಕ್ತ ಒಯ್ಯುವ ಅಪಧಮನಿಯಲ್ಲಿ 91. ಮೈ ಬಳಸಿದ್ದು 28, ಶ್ವಾಸಕೋಶ ತುಂಬಿಕೊಟ್ಟದ್ದು 7. 28ನ್ನು 7ರಿಂದ ಭಾಗಿಸಿದರೆ 4. ಮೈಗಿಂತ ಶ್ವಾಸಕೋಶಕ್ಕೆ ನಾಲ್ಕು ಪಟ್ಟು ರಕ್ತ ಹೋಗುತ್ತಿದೆ. ಮೈಗೆ ನಿಮಿಷಕ್ಕೆ 4 ಲೀಟರ್ ಎಂದಾದರೆ ಶ್ವಾಸಕೋಶಕ್ಕೆ 16. 50ರಲ್ಲಿ 10 ಕಳೆದು ಬಂದ ಒತ್ತಡದ ಅಂತರ 40ನ್ನು 16ರಿಂದ ಭಾಗಿಸಿ: 2.5. ಇದು ಪ್ರತಿರೋಧ, ಅಳೆಯುವ ಮಾನ ವುಡ್ ಯೂನಿಟ್. ಎರಡನೇ ಮಗುವಿನಲ್ಲಿ ಈ ನಾಲ್ಕು ಅಂಕಿಗಳು 90, 62, 98, 70. ಮೈ ಬಳಸಿದ್ದೂ 28, ಶ್ವಾಸಕೋಶ ತುಂಬಿಕೊಟ್ಟದ್ದೂ 28, ಪಾಲು ಸಮ. ಶ್ವಾಸಕೋಶಕ್ಕೆ ಹೋಗುವುದು 4 ಲೀಟರ್ ಮಾತ್ರ. 40ನ್ನು 4ರಿಂದ ಭಾಗಿಸಿದರೆ 10.

ಒತ್ತಡ ಒಂದೇ, ರೋಗ ಬೇರೆ. ಮೊದಲ ಮಗುವಿಗೆ ಒತ್ತಡ ಏರಿರುವುದು ಹರಿವು ಹೆಚ್ಚಾಗಿ. ತೂತು ಮುಚ್ಚಿದರೆ ಹರಿವು ಇಳಿದು ಒತ್ತಡ ತಾನೇ ಇಳಿಯುತ್ತದೆ. ಎರಡನೆಯದಕ್ಕೆ ನಾಳ ಕಟ್ಟಿದೆ. ಅಲ್ಲಿ ತೂತೇ ಬಲಭಾಗದ ಕೋಡಿ: ಶ್ವಾಸಕೋಶ ಒಳಗೊಳ್ಳದ ರಕ್ತ ಅದರ ಮೂಲಕ ಎಡಕ್ಕೆ ಹರಿದು ಮೈಗಾದರೂ ಹೋಗುತ್ತಿದೆ. ಕೋಡಿ ಮುಚ್ಚಿದರೆ ಬಲಭಾಗ ಕಟ್ಟಿದ ನಾಳಗಳ ಎದುರು ಒಬ್ಬಂಟಿಯಾಗಿ ದೂಡಬೇಕು, ಸೋಲುತ್ತದೆ. ಮೈಯಳತೆಗೆ ಹೊಂದಿಸಿದ ಪ್ರತಿರೋಧ ಮಕ್ಕಳಲ್ಲಿ 4ಕ್ಕಿಂತ ಕಡಿಮೆಯಿದ್ದರೆ ಮುಚ್ಚಬಹುದು, 8 ದಾಟಿದ್ದರೆ ಮುಚ್ಚಬಾರದು ಎಂಬುದು ಸಾಮಾನ್ಯ ಗೆರೆ. ನಡುವಿನ 4ರಿಂದ 8 ತಜ್ಞರು ಕೂಡ ತಲೆ ಕೆರೆದುಕೊಳ್ಳುವ ಜಾಗ. ಆಗ ಕ್ಯಾಥ್ ಮೇಜಿನ ಮೇಲೆಯೇ ಶುದ್ಧ ಆಕ್ಸಿಜನ್, ನೈಟ್ರಿಕ್ ಆಕ್ಸೈಡ್ ಉಸಿರಾಡಿಸಿ ಪ್ರತಿರೋಧ ಇಳಿಯುತ್ತದೆಯೇ ನೋಡುತ್ತಾರೆ. ಅದನ್ನೂ ಕಣ್ಣು ಮುಚ್ಚಿ ನಂಬುವಂತಿಲ್ಲ. ಮಗುವಿನ ವಯಸ್ಸು, ಓಡಿದಾಗ ಸ್ಯಾಚುರೇಷನ್ ಇಳಿಯುತ್ತದೆಯೇ, ಎಕ್ಸ್‌ರೇಯಲ್ಲಿ ಹೃದಯ ಇನ್ನೂ ದೊಡ್ಡದಿದೆಯೇ ಎಂಬುದನ್ನೆಲ್ಲ ಕೂಡಿಸಿಯೇ ತೀರ್ಮಾನ. ಇಲ್ಲೂ ಅದೇ ವಿಚಿತ್ರ: ಇನ್ನೂ ಏದುಸಿರು ಬಿಡುವ, ದೊಡ್ಡ ಹೃದಯದ, ಸೊರಗಿದ ಮಗು ಆಪರೇಷನ್ನಿಗೆ ಒಳ್ಳೆಯ ಅಭ್ಯರ್ಥಿ. ಆರಾಮವಾಗಿರುವ ಮಗುವೇ ಅನುಮಾನದ್ದು.

ಬಾಗಿಲು ಪೂರ್ತಿ ಮುಚ್ಚಿ ಹರಿವು ಬಲದಿಂದ ಎಡಕ್ಕೆ ತಿರುಗಿದರೆ ಅದಕ್ಕೆ ಐಸೆನ್‌ಮೆಂಗರ್ ಸಿಂಡ್ರೋಮ್ ಎಂದು ಹೆಸರು. ವಿಕ್ಟರ್ ಐಸೆನ್‌ಮೆಂಗರ್ 1897ರಲ್ಲಿ, ಹುಟ್ಟಿನಿಂದಲೇ ನೀಲಿಗಟ್ಟುತ್ತಿದ್ದು 32ನೇ ವಯಸ್ಸಿನಲ್ಲಿ ರಕ್ತ ಕಾರಿ ತೀರಿಕೊಂಡ ಒಬ್ಬನ ಬಗ್ಗೆ ಬರೆದ. ಅವನ ಹೃದಯದಲ್ಲಿ ದೊಡ್ಡ ವಿಎಸ್‌ಡಿ ಇತ್ತು. ತೂತು ಎಲ್ಲೇ ಇರಲಿ, ಕೊನೆ ಇದೊಂದೇ ಎಂದು 1958ರಲ್ಲಿ ತೋರಿಸಿ ಈಗಿನ ಅರ್ಥ ಕೊಟ್ಟವನು ಲಂಡನ್ನಿನ ಹೃದಯತಜ್ಞ ಪಾಲ್ ವುಡ್. ಪ್ರತಿರೋಧದ ಯೂನಿಟ್ಟಿಗೆ ಇವನದೇ ಹೆಸರು. ತುಟಿ, ಉಗುರು ನೀಲಿ. ಬೆರಳ ತುದಿ ಡೋಲು ಬಾರಿಸುವ ಕೋಲಿನ ತುದಿಯಂತೆ ಉಬ್ಬುತ್ತದೆ. ಪಿಡಿಎ ಇದ್ದವರಲ್ಲಿ ಒಂದು ವಿಶೇಷ: ಅಶುದ್ಧ ರಕ್ತ ಸೇರುವುದು ಕೈಗಳ ನಾಳ ಕವಲೊಡೆದ ಮೇಲೆ, ಹಾಗಾಗಿ ಕೈಬೆರಳು ಕೆಂಪಗಿದ್ದು ಕಾಲ್ಬೆರಳು ನೀಲಿ. ಬರೀ ಕೈಗೆ ಆಕ್ಸಿಮೀಟರ್ ಹಾಕಿ 96 ಇದೆ ಎಂದು ಕಳಿಸಿದರೆ ರೋಗ ತಪ್ಪಿಸಿಕೊಳ್ಳುತ್ತದೆ. ಚಪ್ಪಲಿ ಬಿಚ್ಚಿಸಿ ಕಾಲ್ಬೆರಳಿಗೂ ಹಾಕಬೇಕು.

ಈ ಹಂತ ತಲುಪಿದವರಿಗೆ ಎಲ್ಲ ಮುಗಿಯಿತು ಎಂದೇನಲ್ಲ. ಹುಟ್ಟಿನಿಂದ ಒತ್ತಡದ ಎದುರು ದೂಡಿದ ಬಲಭಾಗ ಗರ್ಭದ ಕಾಲದ ದಪ್ಪವನ್ನು ಉಳಿಸಿಕೊಂಡಿರುತ್ತದೆ, ಕೋಡಿಯೂ ಇದೆ. ಹಾಗಾಗಿ ಕಾರಣವಿಲ್ಲದೆ ಪಲ್ಮನರಿ ಹೈಪರ್‌ಟೆನ್ಷನ್ ಬಂದವರಿಗಿಂತ ಇವರು ಹೆಚ್ಚು ಕಾಲ ಬಾಳುತ್ತಾರೆ, ನಲವತ್ತು ಐವತ್ತು ದಾಟಿದವರೂ ಇದ್ದಾರೆ. ಸಿಲ್ಡೆನಾಫಿಲ್, ಟಾಡಲಾಫಿಲ್, ಬೋಸೆಂಟಾನ್ ನಾಳಗಳನ್ನು ಸಡಿಲಿಸುವ ಮಾತ್ರೆಗಳು. 2006ರಲ್ಲಿ ಪ್ರಕಟವಾದ ಬ್ರೀದ್–5 ಪ್ರಯೋಗದಲ್ಲಿ 54 ಐಸೆನ್‌ಮೆಂಗರ್ ರೋಗಿಗಳಲ್ಲಿ 16 ವಾರ ಬೋಸೆಂಟಾನ್ ತೆಗೆದುಕೊಂಡವರು, ಹುಸಿಮಾತ್ರೆ ತೆಗೆದುಕೊಂಡವರಿಗೆ ಹೋಲಿಸಿದರೆ ಆರು ನಿಮಿಷದಲ್ಲಿ ಸುಮಾರು 53 ಮೀಟರ್ ಹೆಚ್ಚು ನಡೆದರು. ಬೋಸೆಂಟಾನ್ ತಿನ್ನುವವರು ತಿಂಗಳಿಗೊಮ್ಮೆ ಲಿವರ್ ಪರೀಕ್ಷೆ ಮಾಡಿಸಬೇಕು, ಬಸುರಿಯರಿಗೆ ಅದು ಸಲ್ಲದು. ಸಿಲ್ಡೆನಾಫಿಲ್ ಜೊತೆ ಎದೆನೋವಿಗೆ ನಾಲಿಗೆಯಡಿ ಇಡುವ ನೈಟ್ರೇಟ್ ಮಾತ್ರೆ ಸೇರಿದರೆ ಬಿಪಿ ಕುಸಿಯುತ್ತದೆ. ಸಿಲ್ಡೆನಾಫಿಲ್ ಚೀಟಿ ಕಂಡು ಔಷಧಿ ಅಂಗಡಿಯವರು ಮುಸಿಮುಸಿ ನಗುವುದುಂಟು. ನಾಚಿಕೊಂಡು ಮಾತ್ರೆ ಬಿಡಬಾರದು, ತಟ್ಟನೆ ನಿಲ್ಲಿಸಿದರೆ ಒತ್ತಡ ಮರುಕಳಿಸುತ್ತದೆ.

ಗರ್ಭ ಧರಿಸುವುದು ಈ ಹೆಂಗಸರಿಗೆ ಪ್ರಾಣಾಪಾಯ. ಹಳೆಯ ಲೆಕ್ಕಗಳಲ್ಲಿ ಮೂವರಲ್ಲಿ ಒಬ್ಬರಿಂದ ಇಬ್ಬರಲ್ಲಿ ಒಬ್ಬರವರೆಗೂ ಸಾವು ಕಂಡಿದೆ, ಅದೂ ಹೆಚ್ಚಾಗಿ ಹೆರಿಗೆಯ ನಂತರದ ದಿನಗಳಲ್ಲಿ. ಮದುವೆಗೆ ಮೊದಲೇ ಎರಡೂ ಮನೆಯವರಿಗೆ ಬಾಯಿಬಿಟ್ಟು ಹೇಳಬೇಕಾದ ಮಾತಿದು. ಈಸ್ಟ್ರೋಜನ್ ಇರುವ ಮಾಲಾ–ಡಿ ಥರದ ಗುಳಿಗೆ ಬೇಡ, ರಕ್ತ ಹೆಪ್ಪುಗಟ್ಟುತ್ತದೆ. ಪ್ರೊಜೆಸ್ಟಿರಾನ್ ಮಾತ್ರ ಇರುವ ಸಾಧನಗಳ ಬಗ್ಗೆ ಹೃದಯ ತಜ್ಞರು, ಸ್ತ್ರೀರೋಗ ತಜ್ಞರು ಇಬ್ಬರನ್ನೂ ಕೇಳಿ ತೀರ್ಮಾನಿಸಬೇಕು.

ರಕ್ತದ ರಿಪೋರ್ಟನ್ನು ಓದುವ ರೀತಿಯೂ ಬೇರೆ. ಸ್ಯಾಚುರೇಷನ್ 82 ಇರುವವರ ಮೈ ಕೊರತೆ ತುಂಬಲು ಹೆಚ್ಚು ಕೆಂಪು ಕಣ ಮಾಡುತ್ತದೆ, ಹಿಮೋಗ್ಲೋಬಿನ್ 18ರಿಂದ 20 ಇರುವುದೇ ಅವರಿಗೆ ಸರಿ. ಅವರ ರಿಪೋರ್ಟಿನಲ್ಲಿ 14 ಬಂದರೆ ಲ್ಯಾಬಿನ ಪಟ್ಟಿ ನಾರ್ಮಲ್ ಎನ್ನುತ್ತದೆ, ನಿಜದಲ್ಲಿ ಅದು ರಕ್ತಹೀನತೆ; ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟೆಂದು ಹೇಳುವ ಫೆರಿಟಿನ್ ನೋಡಿ ಕಬ್ಬಿಣ ಕೊಡಬೇಕು. 20 ಕಂಡ ಕೂಡಲೇ 'ರಕ್ತ ಗಟ್ಟಿಯಾಗಿದೆ' ಎಂದು ಒಂದು ಬಾಟಲಿ ತೆಗೆದುಬಿಡುವ ಪದ್ಧತಿ ಇನ್ನೂ ಅಲ್ಲಲ್ಲಿ ಇದೆ. ಪದೇ ಪದೇ ತೆಗೆದರೆ ಕಬ್ಬಿಣ ಬರಿದಾಗಿ ಕಣಗಳು ಗಡುಸಾಗುತ್ತವೆ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಹೆಮಟೋಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಶೇಕಡಾ ಪಾಲು) 65 ದಾಟಿ, ತಲೆನೋವು, ಕಣ್ಣು ಮಂಜಾಗುವುದು ಜೋರಾಗಿದ್ದು, ಮೈಯಲ್ಲಿ ನೀರು ಕಡಿಮೆಯಾಗಿಲ್ಲ, ಕಬ್ಬಿಣದ ಕೊರತೆಯಿಲ್ಲ ಎಂದು ಖಚಿತವಾದ ಮೇಲಷ್ಟೇ ತೆಗೆಯುವುದು, ತೆಗೆದಷ್ಟೇ ಸಲೈನ್ ಹಾಕುತ್ತ. ಭೇದಿಯಾಗಿ ನೀರಿನಂಶ ಕಡಿಮೆಯಾದರೂ ಹೆಮಟೋಕ್ರಿಟ್ ಏರಿದಂತೆ ಕಾಣುತ್ತದೆ; ಅವರಿಗೆ ಬೇಕಾದ್ದು ಓಆರ್‌ಎಸ್. ಬೇಸಿಗೆಯ ಜಾತ್ರೆ, ದೀರ್ಘ ಬಸ್ ಪ್ರಯಾಣ, ನಿರ್ಜಲ ಉಪವಾಸ ಮೂರೂ ಇವರಿಗೆ ಒಗ್ಗದವು. ಹಲ್ಲು ಕೀಳಿಸುವ ಮುನ್ನ, ಹೃದಯಕ್ಕೆ ಸೋಂಕು ತಗಲದಂತೆ, ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು ಅಮಾಕ್ಸಿಸಿಲಿನ್ ಒಂದೇ ಡೋಸ್, ದೊಡ್ಡವರಿಗೆ 2 ಗ್ರಾಂ, ಮಕ್ಕಳಿಗೆ ಕೆಜಿಗೆ 50 ಮಿಲಿಗ್ರಾಂ. ಪೆನಿಸಿಲಿನ್ ಅಲರ್ಜಿ ಇದ್ದರೆ ಬೇರೆ ಔಷಧಿ.

ಕರ್ನಾಟಕದಲ್ಲಿ ಬೇಗ ಪತ್ತೆಗೆ ಇರುವ ದಾರಿ 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ. ಅದರ ತಂಡಗಳು ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಬರುತ್ತವೆ. ಪಟ್ಟಿಯಲ್ಲಿ ಹುಟ್ಟು ಹೃದ್ರೋಗವೂ ಇದೆ. ಆದರೆ ಇಷ್ಟು ಹೊತ್ತು ಹೇಳಿದ ವಾರ, ತಿಂಗಳ ಲೆಕ್ಕಕ್ಕೆ ಶಾಲೆಯ ತಪಾಸಣೆ ತೀರ ತಡ. ಆರು ವಾರ, ಹತ್ತು ವಾರ, ಹದಿನಾಲ್ಕು ವಾರದ ಚುಚ್ಚುಮದ್ದಿಗೆ ಬಂದ ಕೂಸಿನ ಅಂಗಿ ಬಿಚ್ಚಿ ಉಸಿರೆಣಿಸಿ, ಹಾಲು ಹೇಗೆ ಕುಡಿಯುತ್ತದೆ ಎಂದು ಕೇಳಲು ಬೇಕಾದ್ದು ಎರಡೇ ನಿಮಿಷ, ಅದೂ ಸರಿಯಾಗಿ ರೋಗ ತಲೆಯೆತ್ತುವ ವಾರಗಳಲ್ಲೇ. ಅನುಮಾನ ಬಂದರೆ ಜಿಲ್ಲಾಸ್ಪತ್ರೆಯ ಶೀಘ್ರ ಪತ್ತೆ ಕೇಂದ್ರದಿಂದ ಮಕ್ಕಳ ಹೃದಯ ವಿಭಾಗವಿರುವ ಆಸ್ಪತ್ರೆಗೆ ಚೀಟಿ ಸಿಗುತ್ತದೆ. ಬಿಪಿಎಲ್ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದಡಿ ವರ್ಷಕ್ಕೆ 5 ಲಕ್ಷದವರೆಗೆ ನೆರವಿದೆ.

ತೂತು ಮುಚ್ಚಿಸಿ ಬಂದವರೂ ಫೈಲನ್ನು ಅಟ್ಟಕ್ಕೆ ಹಾಕಬಾರದು. ಅಂಚಿನ ಪ್ರತಿರೋಧದಲ್ಲಿ ಮುಚ್ಚಿಸಿದ ಕೆಲವರಲ್ಲಿ ನಾಳದ ರೋಗ ತನ್ನ ಪಾಡಿಗೆ ಮುಂದುವರಿದು ವರ್ಷಗಳ ಮೇಲೆ ಕಾಣಿಸಿಕೊಳ್ಳುತ್ತದೆ. ಮೆಟ್ಟಿಲು ಹತ್ತುವಾಗ ತಲೆಸುತ್ತು, ಎಚ್ಚರ ತಪ್ಪುವುದು ಅದರ ಮೊದಲ ಸುಳಿವು. ಆಪರೇಷನ್ನಿಗೆ ಮುಂಚಿನ ಕ್ಯಾಥ್ ರಿಪೋರ್ಟಿನ ಜೆರಾಕ್ಸ್ ಇದ್ದರೆ ಹೊಸ ಡಾಕ್ಟರಿಗೆ ಅರ್ಧ ಕೆಲಸ ಮುಗಿದಂತೆ. ಇನ್ನು ತೂತು ತೆರೆದೇ ಇರುವವರು ಯಾವ ಕಾಯಿಲೆಗೆ, ಯಾವ ಊರಿನ ಆಸ್ಪತ್ರೆಗೆ ಸೇರಿದರೂ ನರ್ಸಮ್ಮನಿಗೆ ಮೊದಲು ಹೇಳಬೇಕಾದ ಮಾತು ಒಂದಿದೆ: 'ಸಿಸ್ಟರ್, ಡ್ರಿಪ್ ಪೈಪಿನಲ್ಲಿ ಒಂದು ಗುಳ್ಳೆಯೂ ಇರಬಾರದು.' ಬೇರೆಯವರಲ್ಲಿ ಆ ಗುಳ್ಳೆ ಶ್ವಾಸಕೋಶದಲ್ಲಿ ಸೋಸಿಹೋಗುತ್ತದೆ. ಇವರಲ್ಲಿ ಅದು ತೂತು ದಾಟಿ ನೇರ ಮಿದುಳಿಗೆ ಹೋಗಬಹುದು.